ಅನ್ಯಗ್ರಹಗಳಲ್ಲಿ ಜೀವಿಗಳಿವೆಯೇ? ಸುಳಿವು ಹುಡುಕಲು ಬಂತು 'ಬೆಳಕಿನ ಚಿಪ್'

ದೂರದಿಂದ ನೋಡಿದರೆ ಭೂಮಿಗಿಂತ ಸೂರ್ಯ ಸುಮಾರು 1,000 ಕೋಟಿ ಪಟ್ಟು ಪ್ರಖರ. ಬೇರೆ ನಕ್ಷತ್ರಗಳ ಗ್ರಹಗಳೂ ಹೀಗೆಯೇ ಬೆಳಕಿನಲ್ಲಿ ಮರೆಯಾಗುತ್ತವೆ. ಅವುಗಳನ್ನು ಪತ್ತೆಹಚ್ಚಲು ಫೋಟಾನಿಕ್ ಚಿಪ್ ನೆರವಾಗುತ್ತಿದೆ. ಇದರಲ್ಲಿ ವಿದ್ಯುತ್ ಬದಲು ಬೆಳಕು ಹರಿಯುತ್ತದೆ.

ಚಿಲಿಯಲ್ಲಿರುವ 'ಗ್ರಾವಿಟಿ' ಉಪಕರಣವು ನಾಲ್ಕು ದೂರದರ್ಶಕಗಳ ಬೆಳಕನ್ನು ಇಂಥ ಚಿಪ್‌ನಲ್ಲಿ ಬೆರೆಸಿ, ಒಂದೇ ದೈತ್ಯ ದೂರದರ್ಶಕದಷ್ಟು ಸೂಕ್ಷ್ಮವಾಗಿ ನೋಡುತ್ತದೆ. 2019ರಲ್ಲಿ ಅದು ಸುಮಾರು 129 ಜ್ಯೋತಿರ್ವರ್ಷ ದೂರದ 'ಎಚ್‌ಆರ್ 8799ಇ' ಗ್ರಹದ ಬೆಳಕನ್ನು ನಕ್ಷತ್ರದ ಬೆಳಕಿನಿಂದ ಬೇರ್ಪಡಿಸಿತು. ಗ್ರಹದ ವಾತಾವರಣದಲ್ಲಿ ಕಾರ್ಬನ್ ಮಾನಾಕ್ಸೈಡ್, ಕಬ್ಬಿಣದ ಕಣಗಳ ಮೋಡಗಳ ಸುಳಿವು ಸಿಕ್ಕಿತು.

ಕುದಿಯುವ ಈ ಅನಿಲ ಗ್ರಹದಲ್ಲಿ ಜೀವದ ನಿರೀಕ್ಷೆಯಿಲ್ಲ. ಆದರೆ ಭೂಮಿಯಂಥ ಗ್ರಹದಲ್ಲಿ ಆಮ್ಲಜನಕ ಮತ್ತು ಮೀಥೇನ್ ಒಟ್ಟಿಗೆ ಕಂಡರೆ? ಇವು ಪರಸ್ಪರ ವರ್ತಿಸಿ ನಾಶವಾಗುವ ಅನಿಲಗಳು. ಎರಡೂ ಉಳಿದಿವೆ ಎಂದರೆ ಯಾವುದೋ ಮೂಲ ಅವನ್ನು ಸತತವಾಗಿ ಪೂರೈಸುತ್ತಿದೆ ಎಂದರ್ಥ. ಭೂಮಿಯಲ್ಲಿ ಆ ಮೂಲ ಮುಖ್ಯವಾಗಿ ಜೀವಿಗಳೇ!