ಜೇನುತುಪ್ಪ ಕೆಡುವುದಿಲ್ಲ, ಶುಕ್ರನಲ್ಲಿ ದಿನವೇ ವರ್ಷಕ್ಕಿಂತ ದೊಡ್ಡದು: ಈ ‘ಅಚ್ಚರಿ’ಗಳಲ್ಲಿ ನಿಜವೆಷ್ಟು?

ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಫ್ಯಾಮಿಲಿ ಗ್ರೂಪಿನಲ್ಲಿ ಗುಲಾಬಿ ಹೂವಿನ ಜೊತೆ ‘ಶುಭೋದಯ’, ಅದರ ಕೆಳಗೆ ‘ನಿಮಗಿದು ಗೊತ್ತೇ?’ ಎಂಬ ಉದ್ದನೆಯ ಪಟ್ಟಿ. ಆಕ್ಟೋಪಸ್‌ಗೆ ಮೂರು ಹೃದಯ, ಚೀನಾದ ಮಹಾಗೋಡೆ ಚಂದ್ರನಿಂದಲೂ ಕಾಣುತ್ತದೆ, ಶುಕ್ರ ಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ದೊಡ್ಡದು, ಇಥಿಯೋಪಿಯಾದಲ್ಲಿ ವರ್ಷಕ್ಕೆ 13 ತಿಂಗಳು, ಜೇನುತುಪ್ಪ ಸಾವಿರ ವರ್ಷವಾದರೂ ಕೆಡುವುದಿಲ್ಲ. ಕೊನೆಯಲ್ಲಿ ‘ಹತ್ತು ಜನರಿಗೆ ಕಳಿಸಿ’.

ಇಂಥ ಪಟ್ಟಿಗಳನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ, ಪೂರ್ತಿ ನಿಜ ಎಂದು ನಂಬುವಂತೆಯೂ ಇಲ್ಲ. ಮೇಲಿನ ಐದನ್ನು ನಾವು ಒಂದೊಂದಾಗಿ ಪರಿಶೀಲಿಸಿದೆವು. ಹೆಚ್ಚಿನವು ತಪ್ಪಾದರೂ ಯಾರಿಗೂ ನಷ್ಟವಿಲ್ಲ. ಒಂದು ಮಾತ್ರ ಹಾಗಲ್ಲ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ, ಏಕೆಂದರೆ ಅದರ ಬಗ್ಗೆ ಹೇಳುವುದು ಬಹಳಷ್ಟಿದೆ.

ಮೊದಲು ಸುಲಭದ್ದು. ಆಕ್ಟೋಪಸ್‌ಗೆ ಮೂರು ಹೃದಯ ಇರುವುದು ಸಂಪೂರ್ಣ ನಿಜ. ಎರಡು ಹೃದಯಗಳು ಕಿವಿರುಗಳಿಗೆ ರಕ್ತ ಒತ್ತುತ್ತವೆ, ಮೂರನೆಯದು ಉಳಿದ ದೇಹಕ್ಕೆ. ಈಜುವಾಗ ಈ ಮೂರನೆಯ ಹೃದಯ ಬಡಿಯುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಈಜಿದರೆ ಆಕ್ಟೋಪಸ್ ಬೇಗ ಸುಸ್ತಾಗುತ್ತದೆ, ತೆವಳುವುದೇ ಅದಕ್ಕೆ ಹಿತ. ಅದರ ರಕ್ತ ನೀಲಿ ಎಂಬುದೂ ನಿಜ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಿರುವ ಹಿಮೋಗ್ಲೋಬಿನ್, ಅದರ ರಕ್ತದಲ್ಲಿ ತಾಮ್ರವಿರುವ ಹೀಮೊಸಯನಿನ್. ಇದಕ್ಕೆ ಸಾಗರದ ಆಳಕ್ಕೆ ಹೋಗಬೇಕಿಲ್ಲ. ಮಂಗಳೂರು, ಕಾರವಾರದ ಕಡೆ ಮನೆಗೆ ತರುವ ಏಡಿ ಮತ್ತು ಸಿಗಡಿಯ ರಕ್ತದಲ್ಲಿರುವುದೂ ಇದೇ ಹೀಮೊಸಯನಿನ್. ಏಡಿ ಸ್ವಚ್ಛ ಮಾಡುವಾಗ ಕೆಂಪು ರಕ್ತ ಕಾಣದಿರುವುದಕ್ಕೆ ಕಾರಣ ಇದು.

ಚಂದ್ರನಿಂದ ಗೋಡೆ ಕಾಣುತ್ತದೆಯೇ?

ಇಲ್ಲ. ಈ ಮಾತಿನ ತಮಾಷೆ ಏನೆಂದರೆ, ಮನುಷ್ಯ ಬಾಹ್ಯಾಕಾಶಕ್ಕೆ ಹೋಗುವ ಮೊದಲೇ ಇದು ಹುಟ್ಟಿತ್ತು. 1754ರಲ್ಲೇ ಇಂಗ್ಲೆಂಡಿನ ವಿಲಿಯಂ ಸ್ಟೂಕ್ಲಿ ಎಂಬ ಪುರಾತತ್ವ ಆಸಕ್ತ ತನ್ನ ಪತ್ರವೊಂದರಲ್ಲಿ, ಚೀನಾದ ಗೋಡೆ ಚಂದ್ರನಿಂದಲೂ ಕಾಣಬಹುದು ಎಂಬ ಅರ್ಥದಲ್ಲಿ ಬರೆದಿದ್ದ. ಹೋಗಿ ನೋಡಿದವರು ಯಾರೂ ಇರಲಿಲ್ಲ, ಹಾಗಾಗಿ ಅಲ್ಲಗಳೆಯುವವರೂ ಇರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಗೋಡೆ ಸಾವಿರಾರು ಕಿಲೋಮೀಟರ್ ಉದ್ದ ಇರಬಹುದು, ಆದರೆ ಅಗಲ ಐದಾರು ಮೀಟರ್ ಅಷ್ಟೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಗೋಡೆಯನ್ನು ಗುರುತಿಸುವುದು, ನಾಲ್ಕೂವರೆ ಕಿಲೋಮೀಟರ್ ಆಚೆ ನಿಂತವರ ತಲೆಯ ಒಂದೇ ಒಂದು ಕೂದಲನ್ನು ಗುರುತಿಸಿದ ಹಾಗೆ. ಚಂದ್ರ ಬಿಡಿ, ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದಲೂ ಅದು ಬರಿಗಣ್ಣಿಗೆ ಸಿಗುವುದು ಬಹಳ ಕಷ್ಟ. ಸುತ್ತಲಿನ ಮಣ್ಣು, ಕಲ್ಲಿನಿಂದಲೇ ಕಟ್ಟಿದ ಗೋಡೆ, ಬಣ್ಣವೂ ಹೆಚ್ಚುಕಡಿಮೆ ಅದೇ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಹಿಂದಿರುಗಿದಾಗ, ತನಗೆ ಗೋಡೆ ಕಾಣಲಿಲ್ಲ ಎಂದು ಹೇಳಿದರು. ಪಠ್ಯಪುಸ್ತಕದಲ್ಲೇ ಓದಿ ಬೆಳೆದವರಿಗೆ ಇದು ದೊಡ್ಡ ನಿರಾಸೆ. ಮರುವರ್ಷ ಅಮೆರಿಕದ ಗಗನಯಾತ್ರಿ ಲಿರಾಯ್ ಚಿಯಾವ್ ನಿಲ್ದಾಣದಿಂದ ಲೆನ್ಸ್ ಹಾಕಿ ತೆಗೆದ ಚಿತ್ರದಲ್ಲಿ ಗೋಡೆಯ ತುಣುಕೊಂದು ಸಿಕ್ಕಿತು, ಆದರೆ ತಾನು ಗೋಡೆಯನ್ನೇ ನೋಡಿದೆ ಎಂಬ ಖಾತ್ರಿ ಅವರಿಗೂ ಇರಲಿಲ್ಲ.

ನಿಲ್ದಾಣದಿಂದ ನಿಜಕ್ಕೂ ಎದ್ದು ಕಾಣುವ ಮಾನವನ ಗುರುತುಗಳು ಬೇರೆಯೇ ಇವೆ. ರಾತ್ರಿ ಹೊತ್ತು ನಗರಗಳ ಬೆಳಕು, ಜೊತೆಗೆ ಭಾರತ-ಪಾಕಿಸ್ತಾನ ಗಡಿಯುದ್ದಕ್ಕೂ ಹಾಕಿದ ದೀಪಗಳ ಕಿತ್ತಳೆ ಬಣ್ಣದ ಗೆರೆ. ನಾಸಾ ಪ್ರಕಟಿಸಿದ ಚಿತ್ರಗಳಲ್ಲಿ ನೀವೇ ನೋಡಬಹುದು.

ಶುಕ್ರನ ದಿನ

ಪಟ್ಟಿಯಲ್ಲಿ ನಮಗೆ ತುಂಬ ಇಷ್ಟವಾದದ್ದು ಇದು, ಏಕೆಂದರೆ ಇದು ನಿಜವೂ ಹೌದು, ಅಲ್ಲವೂ ಹೌದು. ಎಲ್ಲವೂ ‘ದಿನ’ ಎಂದರೆ ಏನು ಎಂಬುದರ ಮೇಲೆ ನಿಂತಿದೆ.

ಶುಕ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ನಮ್ಮ 243 ದಿನ ಬೇಕು. ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 225 ದಿನ ಸಾಕು. ಹೀಗೆ ನೋಡಿದರೆ ದಿನವೇ ವರ್ಷಕ್ಕಿಂತ ಉದ್ದ. ಆದರೆ ನಾವು ದಿನನಿತ್ಯದ ಮಾತಿನಲ್ಲಿ ದಿನ ಎನ್ನುವುದು ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗಿನ ಅವಧಿಯನ್ನು. ಇವೆರಡೂ ಒಂದೇ ಅಲ್ಲ. ಭೂಮಿ ಕೂಡ ತನ್ನ ಸುತ್ತು ಮುಗಿಸುವುದು 23 ಗಂಟೆ 56 ನಿಮಿಷದಲ್ಲಿ. ಅಷ್ಟರಲ್ಲಿ ಅದು ಸೂರ್ಯನ ಸುತ್ತ ಸ್ವಲ್ಪ ಮುಂದೆ ಸರಿದಿರುತ್ತದೆ, ಸೂರ್ಯ ಮತ್ತೆ ಅದೇ ಜಾಗಕ್ಕೆ ಬರಲು ಇನ್ನು ನಾಲ್ಕು ನಿಮಿಷ ಹೆಚ್ಚು ತಿರುಗಬೇಕು. ಹಾಗೆ ನಮ್ಮ 24 ಗಂಟೆ ಆಯಿತು.

ಶುಕ್ರನ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅದು ಉಳಿದ ಹೆಚ್ಚಿನ ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ, ಆದ್ದರಿಂದ ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ತಿರುಗುವುದು ಒಂದು ದಿಕ್ಕು, ಸುತ್ತುವುದು ಇನ್ನೊಂದು ದಿಕ್ಕು ಆದ್ದರಿಂದ ಸೂರ್ಯ ಬೇಗನೆ ವಾಪಸ್ ಬರುತ್ತಾನೆ. ಎರಡು ಸೂರ್ಯೋದಯಗಳ ನಡುವೆ ಸುಮಾರು 117 ಭೂಮಿ-ದಿನಗಳು. ಅಂದರೆ ಶುಕ್ರನ ಒಂದು ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಹಗಲು, ಎರಡು ರಾತ್ರಿ. ಅಲ್ಲಿನ ದಟ್ಟ ಮೋಡಗಳ ಕೆಳಗೆ ನಿಂತರೆ ಸೂರ್ಯ ಕಾಣುವುದೇ ಇಲ್ಲ, 460 ಡಿಗ್ರಿ ದಾಟುವ ಶಾಖದಲ್ಲಿ ನಿಲ್ಲುವವರೂ ಇಲ್ಲ, ಆ ಮಾತು ಬೇರೆ.

13 ತಿಂಗಳ ವರ್ಷ

ಇಥಿಯೋಪಿಯಾದ ವಿಷಯ ನಿಜ. ಅಲ್ಲಿನ ಪಂಚಾಂಗದಲ್ಲಿ ತಲಾ 30 ದಿನದ 12 ತಿಂಗಳು, ಉಳಿದ ಐದು ದಿನಕ್ಕೆ 13ನೆಯ ಪುಟ್ಟ ತಿಂಗಳು. ನಾಲ್ಕು ವರ್ಷಕ್ಕೊಮ್ಮೆ ಅದಕ್ಕೆ ಆರು ದಿನ. ಯೇಸುವಿನ ಕಾಲವನ್ನು ಅವರ ಚರ್ಚು ಬೇರೆ ರೀತಿ ಎಣಿಸಿದ್ದರಿಂದ ವರ್ಷದ ಸಂಖ್ಯೆಯೂ ನಮಗಿಂತ ಏಳೆಂಟು ಹಿಂದೆ. ಜಗತ್ತೆಲ್ಲ 2000ನೆಯ ಇಸವಿಯನ್ನು ಆಚರಿಸಿ ಮುಗಿಸಿದ ಮೇಲೆ, ಇಥಿಯೋಪಿಯಾ ತನ್ನ 2000ವನ್ನು ಸ್ವಾಗತಿಸಿದ್ದು ನಮ್ಮ ಲೆಕ್ಕದ 2007ರ ಸೆಪ್ಟೆಂಬರಿನಲ್ಲಿ. ಗಡಿಯಾರವನ್ನೂ ಅವರು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಬೆಳಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ.

‘ವಿಚಿತ್ರ’ ಎನ್ನುವ ಮೊದಲು ಗೋಡೆಯ ಮೇಲಿನ ನಮ್ಮ ಕ್ಯಾಲೆಂಡರನ್ನೊಮ್ಮೆ ನೋಡಬೇಕು. ಚಾಂದ್ರಮಾನದ ವರ್ಷಕ್ಕೆ 354 ದಿನ, ಋತುಗಳಿಗಿಂತ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಬೀಳುತ್ತದೆ. ಅದನ್ನು ಸರಿದೂಗಿಸಲು ಸುಮಾರು ಎರಡು ಮುಕ್ಕಾಲು ವರ್ಷಕ್ಕೊಮ್ಮೆ ನಾವು ಅಧಿಕ ಮಾಸ ಸೇರಿಸುತ್ತೇವೆ. ಆ ವರ್ಷ ನಮಗೂ 13 ತಿಂಗಳೇ.

ಜೇನುತುಪ್ಪ: ಅರ್ಧ ನಿಜ ಅಪಾಯವಾಗುವುದು ಎಲ್ಲಿ

‘ಜೇನುತುಪ್ಪ ಎಂದೂ ಕೆಡುವುದಿಲ್ಲ’ ಎಂಬ ಮಾತಿಗೆ ಗಟ್ಟಿಯಾದ ವಿಜ್ಞಾನ ಇದೆ. ಹೂವಿನ ಮಕರಂದದಲ್ಲಿ ಹೆಚ್ಚಿನ ಪಾಲು ನೀರೇ. ಜೇನ್ನೊಣಗಳು ಅದನ್ನು ಗೂಡಿಗೆ ತಂದು, ರೆಕ್ಕೆ ಬೀಸಿ ಬೀಸಿ ಆರಿಸುತ್ತವೆ. ಪಕ್ವವಾದ ಜೇನಿನಲ್ಲಿ ನೀರು 17-18 ಶೇಕಡಾದಷ್ಟು, ಸಕ್ಕರೆ 80 ಶೇಕಡಾ ಆಸುಪಾಸು. ಇಷ್ಟು ಸಕ್ಕರೆಯ ನಡುವೆ ಬಿದ್ದ ಸೂಕ್ಷ್ಮಾಣುವಿನ ಮೈಯ ನೀರನ್ನೇ ಜೇನು ಹೀರಿಬಿಡುತ್ತದೆ, ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವೇ ಇದು. ಜೊತೆಗೆ ಜೇನು ಸ್ವಲ್ಪ ಆಮ್ಲೀಯ, ನೊಣಗಳು ಬೆರೆಸುವ ಕಿಣ್ವವೊಂದು ತುಸು ಹೈಡ್ರೋಜನ್ ಪೆರಾಕ್ಸೈಡನ್ನೂ ಉಂಟುಮಾಡುತ್ತದೆ.

ಆದರೆ ಇದೆಲ್ಲ ನೀರು ಕಡಿಮೆ ಇರುವವರೆಗೆ ಮಾತ್ರ. ಮಲೆನಾಡಿನ ತುಡುವೆ ಜೇನಿನಲ್ಲಿ, ಅದರಲ್ಲೂ ನೊಣಗಳು ಮೇಣದಿಂದ ಮುಚ್ಚುವ ಮೊದಲೇ ತೆಗೆದದ್ದರಲ್ಲಿ, ನೀರಿನಂಶ ಹೆಚ್ಚಿರುತ್ತದೆ. ಅಂಥ ಬಾಟಲಿಯ ಮುಚ್ಚಳ ತಿರುಗಿಸಿದರೆ ‘ಬುಸ್’ ಎಂದು ಗಾಳಿ ಬರುವುದನ್ನು ಹಲವರು ನೋಡಿರುತ್ತೀರಿ. ಅದು ಹುದುಗುತ್ತಿದೆ ಎಂದರ್ಥ. ಒದ್ದೆ ಚಮಚ ಹಾಕಿದರೂ ಇದೇ ಗತಿ. ಇನ್ನು ಜೇನು ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಎನ್ನುವುದು ತಪ್ಪು. ಶುದ್ಧ ಜೇನೂ ಹರಳುಗಟ್ಟುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಲೋಟದ ನೀರಿಗೆ ಹನಿ ಬಿಡುವ, ಬೆಂಕಿಕಡ್ಡಿ ಅದ್ದಿ ಗೀರುವ ಮನೆ ಪರೀಕ್ಷೆಗಳಿಂದ ಕಲಬೆರಕೆ ಗೊತ್ತಾಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಕೆಡುವುದಿಲ್ಲ’ ಎಂಬುದು ಜನರ ಮನಸ್ಸಿನಲ್ಲಿ ‘ಯಾರಿಗೂ ಕೆಡುಕು ಮಾಡುವುದಿಲ್ಲ’ ಎಂದು ಬದಲಾಗಿಬಿಡುತ್ತದೆ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಚಿನ್ನದ ಉಂಗುರ ಜೇನಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸುವ, ಮಾತು ಬೇಗ ಬರಲೆಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ಅನೇಕ ಮನೆಗಳಲ್ಲಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು ಎಂಬುದು ಮಕ್ಕಳ ವೈದ್ಯರ ಸ್ಪಷ್ಟ ಸಲಹೆ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲೂ ಜೇನು ಸೇರಿಕೊಂಡೇ ಇದೆ.

ಕಾರಣ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ. ಮಣ್ಣು, ಧೂಳಿನಲ್ಲಿ ಇದರ ಬೀಜಾಣುಗಳಿರುತ್ತವೆ, ಕೆಲವೊಮ್ಮೆ ಜೇನಿಗೂ ಸೇರುತ್ತವೆ. ಜೇನಿನಲ್ಲಿ ಅವು ಬೆಳೆಯಲಾರವು, ಆದರೆ ಸಾಯುವುದೂ ಇಲ್ಲ, ಗಟ್ಟಿ ಕವಚದೊಳಗೆ ಸುಮ್ಮನೆ ಮಲಗಿರುತ್ತವೆ. ದೊಡ್ಡವರ ಕರುಳಿನಲ್ಲಿ ಆಗಲೇ ಕೋಟ್ಯಂತರ ಒಳ್ಳೆಯ ಬ್ಯಾಕ್ಟೀರಿಯಾಗಳು ಜಾಗ ಹಿಡಿದಿರುವುದರಿಂದ ಇವಕ್ಕೆ ಮೊಳೆಯಲು ಅವಕಾಶ ಸಿಗುವುದಿಲ್ಲ. ಹಸುಗೂಸಿನ ಕರುಳು ಇನ್ನೂ ಖಾಲಿ ಸೈಟಿನಂತೆ. ಅಲ್ಲಿ ಮೊಳೆತು ಬೆಳೆದರೆ ಅವು ಬಿಡುವ ವಿಷ, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಯುತ್ತದೆ. ಈ ಕಾಯಿಲೆಯನ್ನು ವೈದ್ಯಲೋಕ ಮೊದಲು ಗುರುತಿಸಿದ್ದು 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಜೇನನ್ನು ಒಲೆಯ ಮೇಲೆ ಕುದಿಸಿ ಕೊಟ್ಟರಾಯಿತಲ್ಲ ಎಂದರೆ, ಅದೂ ಆಗದು. ಈ ಬೀಜಾಣುಗಳು ಮಾಮೂಲಿ ಕುದಿಯುವ ಶಾಖಕ್ಕೆ ಜಗ್ಗುವುದಿಲ್ಲ.

ನಮ್ಮ ತಂಡದ ಒಬ್ಬರ ಮನೆಯಲ್ಲಿ ಕಳೆದ ವರ್ಷ ಇದೇ ಮಾತು ಬಂತು. ಅಕ್ಕನ ಮಗುವಿಗೆ ಹನ್ನೊಂದನೆಯ ದಿನ. ಅಜ್ಜಿ ಬಟ್ಟಲಲ್ಲಿ ಜೇನು ಹಿಡಿದು ನಿಂತಿದ್ದರು. ಬೇಡ ಅಜ್ಜಿ ಎಂದದ್ದಕ್ಕೆ, “ನಿಮ್ಮಪ್ಪನಿಗೂ ನಾನೇ ನೆಕ್ಕಿಸಿದ್ದು ಕಣೇ, ಏನಾಗಿದೆ ಅವನಿಗೆ?” ಎಂದರು. ಉತ್ತರ ಕೊಡುವುದು ಕಷ್ಟದ ಪ್ರಶ್ನೆ, ಏಕೆಂದರೆ ಅಪ್ಪ ಎದುರಿಗೇ ಗಟ್ಟಿಮುಟ್ಟಾಗಿ ಕೂತಿದ್ದರು. ಇದು ಅಪರೂಪದ ಕಾಯಿಲೆ, ನೆಕ್ಕಿಸಿದ ಹೆಚ್ಚಿನ ಮಕ್ಕಳಿಗೆ ಏನೂ ಆಗಿಲ್ಲ ಎಂಬುದನ್ನು ಒಪ್ಪಲೇಬೇಕು. ಮೂವತ್ತು ವರ್ಷ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದ ಮಾವನೂ ಎಲ್ಲರ ಮನೆಯಲ್ಲಿ ಇರುತ್ತಾರೆ. ಆಗದೇ ಉಳಿದವರು ಕಣ್ಣ ಮುಂದೆ ಇರುತ್ತಾರೆ, ಆದವರು ಇರುವುದಿಲ್ಲ. ಅದೂ ಅಲ್ಲದೆ, ಐವತ್ತು ವರ್ಷದ ಹಿಂದೆ ಹಾಲು ಕುಡಿಯದೆ ಸೊರಗಿ ತೀರಿಕೊಂಡ ಕೂಸಿಗೆ ‘ದೃಷ್ಟಿ ಆಯಿತು’ ಎಂದಿರುತ್ತಿದ್ದರೇ ಹೊರತು ಜೇನಿನ ಮೇಲೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಇದನ್ನೆಲ್ಲ ಅಜ್ಜಿಗೆ ಅಲ್ಲೇ ವಿವರಿಸಲಾಗಲಿಲ್ಲ. ಕೊನೆಗೆ ಆ ಜೇನು ಮುಟ್ಟಿದ್ದು ತಾಯಿಯ ನಾಲಿಗೆಗೆ. ಎದೆಹಾಲು ಕುಡಿಸುವ ತಾಯಿ ಜೇನು ತಿಂದರೆ ಮಗುವಿಗೆ ಅಪಾಯವಿಲ್ಲ, ಬೀಜಾಣುಗಳು ಹಾಲಿಗೆ ಇಳಿಯುವುದಿಲ್ಲ. ಶಾಸ್ತ್ರವೂ ಆಯಿತು, ಅಜ್ಜಿಗೂ ಬೇಸರವಾಗಲಿಲ್ಲ.

ಈಗಾಗಲೇ ನಿಮ್ಮ ಮನೆಯ ಕೂಸಿಗೆ ಯಾರಾದರೂ ಜೇನು ನೆಕ್ಕಿಸಿದ್ದರೆ ಗಾಬರಿಯಾಗಬೇಡಿ, ಮುಂದೆ ಕೊಡಬೇಡಿ, ಒಂದು ತಿಂಗಳು ಗಮನಿಸುತ್ತಿರಿ. ಸಾಮಾನ್ಯವಾಗಿ ಮೊದಲ ಲಕ್ಷಣ ಮಲಬದ್ಧತೆ. ಆಮೇಲೆ ಹಾಲು ಚೀಪುವ ಶಕ್ತಿ ಕುಗ್ಗುವುದು, ಅಳುವಿನ ಸದ್ದು ಕ್ಷೀಣಿಸುವುದು, ರೆಪ್ಪೆ ಜೋತುಬೀಳುವುದು, ಕತ್ತು ಮತ್ತು ಕೈಕಾಲು ಸಡಿಲವಾಗುವುದು. ಉಸಿರಾಟದ ಸ್ನಾಯುಗಳಿಗೂ ಇದು ತಲುಪಬಹುದಾದ್ದರಿಂದ ಮನೆಮದ್ದು ಮಾಡುತ್ತ ಕೂರುವ ಹೊತ್ತಲ್ಲ ಅದು, ತಕ್ಷಣ ಆಸ್ಪತ್ರೆಗೆ ಹೋಗಿ. ಸಮಯಕ್ಕೆ ಚಿಕಿತ್ಸೆ ಸಿಕ್ಕಿದ ಬಹುತೇಕ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಹೋದಾಗ ಜೇನು ಕೊಟ್ಟ ವಿಷಯವನ್ನು ಸಂಕೋಚಪಡದೆ ವೈದ್ಯರಿಗೆ ಮೊದಲೇ ಹೇಳಿ. ಅಪರೂಪದ ಕಾಯಿಲೆಯಾದ್ದರಿಂದ ಆ ಒಂದು ಮಾತಿಲ್ಲದೆ ಅವರಿಗೂ ಬೇಗ ಹೊಳೆಯದೇ ಇರಬಹುದು.