ಬೈಲುಕುಪ್ಪೆಯ ಲೋಸಾರ್

ಯುಗಾದಿಗೆ ಮುನ್ನವೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಹೊಸ ವರ್ಷ ಕಾಲಿಡುವುದು. ಅದು ಟಿಬೆಟನ್ನರ ಲೋಸಾರ್. 1959ರಲ್ಲಿ ದಲೈ ಲಾಮಾ ಅವರು ಹಿಮಾಲಯ ದಾಟಿ ಬಂದ ಬಳಿಕ ಅವರನ್ನು ಹಿಂಬಾಲಿಸಿದ ನಿರಾಶ್ರಿತರಿಗೆ, 1960ರ ದಶಕದ ಆರಂಭದಲ್ಲಿ, ಇಲ್ಲಿಯ ಕಾಡುನೆಲ ದೊರೆಯಿತು. ಬಾರ್ಲಿಯ ನಾಡಿನವರು ಮುಸುಕಿನ ಜೋಳ ಬೆಳೆಯಲು ಕಲಿತರು. ಹಬ್ಬವನ್ನು ಮಾತ್ರ ಬಿಡಲಿಲ್ಲ.

ಹಳೆಯ ವರ್ಷದ ಕಡೆಯ ತಿಂಗಳ 29ನೆಯ ರಾತ್ರಿ 'ಗುತುಕ್' ಎಂಬ ಸಾರಿನ ಊಟ. ಬಟ್ಟಲಿಗೊಂದು ದೊಡ್ಡ ಹಿಟ್ಟಿನುಂಡೆ. ಒಡೆದಾಗ ಮೆಣಸಿನಕಾಯಿ ಕಂಡರೆ ಆತ ಬಾಯಿಬಡುಕ, ಇದ್ದಿಲಾದರೆ ಕರಿಮನಸ್ಸಿನವನು, ಉಣ್ಣೆಯಾದರೆ ಮೃದುಹೃದಯಿ! ಹಿರಿಯರಿಗೂ ಈ ಪರೀಕ್ಷೆ ತಪ್ಪದು. ಹಬ್ಬದಂದು ದೇವರ ಮುಂದೆ ಕರಿದ 'ಖಪ್ಸೆ'ಯ ರಾಶಿ.

ಅಜ್ಜಿಯರ ಕಣ್ಣಲ್ಲಿ ಅಂದು ಹಿಮದ ಬೆಟ್ಟಗಳು. ಇಲ್ಲಿಯೇ ಹುಟ್ಟಿದ ಮೊಮ್ಮಕ್ಕಳು ಆ ಬೆಟ್ಟಗಳನ್ನು ಕಂಡವರಲ್ಲ. ಹಬ್ಬದ ಮೈದಾಹಿಟ್ಟಿಗೆ ಅವರು ಅಂಗಡಿಯಲ್ಲಿ ಚೌಕಾಸಿ ಮಾಡುವುದು ಕನ್ನಡದಲ್ಲಿ.