ಅಂತರ್ಜಲದ ರಾಸಾಯನಿಕ ಗುಣದಲ್ಲಿ ಬದಲಾವಣೆ ಮತ್ತು ಭೂಕಂಪ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ
2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ ಭೂಮಿಯು ಪದೇ ಪದೇ ಕಂಪಿಸಿದಾಗ ಗ್ರಾಮಸ್ಥರು ಮನೆಯ ಹೊರಗೆ ರಾತ್ರಿ ಕಳೆಯಬೇಕಾಯಿತು. ಇಂತಹ ಸುದ್ದಿಯ ನಂತರ ಕೊಳವೆಬಾವಿಯ ನೀರಿನ ಬಣ್ಣ ಅಥವಾ ರುಚಿ ಬದಲಾದರೆ ಸಾರ್ವಜನಿಕರಲ್ಲಿ ಆತಂಕ ಉಂಟಾಗುವುದು ಸಹಜ. ಈ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಬದಲಾವಣೆ ಆಗುವ ಬಗೆ
ಭೂಮಿಯೊಳಗಿನ ಒತ್ತಡದಿಂದ ಶಿಲೆಗಳಲ್ಲಿ ಹೊಸ ಬಿರುಕುಗಳು ಉಂಟಾದಾಗ ಬೇರೆ ಬೇರೆ ಜಲಪದರಗಳ ನೀರು ಪರಸ್ಪರ ಬೆರೆಯುತ್ತದೆ. ಇದರಿಂದ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ ಬದಲಾಗುತ್ತದೆ. ಮಹಾರಾಷ್ಟ್ರದ ಕೊಯ್ನಾ ಪ್ರದೇಶದಲ್ಲಿ 2005ರ ಮಾರ್ಚ್ 14ರಂದು 5.1 ಪ್ರಮಾಣದ ಭೂಕಂಪ ಸಂಭವಿಸಿದ ಸಂದರ್ಭದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೊಳವೆಬಾವಿಗಳಲ್ಲಿ ಇಂತಹ ಬದಲಾವಣೆಯನ್ನು ದಾಖಲಿಸಿದ್ದಾರೆ. ಐಸ್‌ಲ್ಯಾಂಡ್ ದೇಶದಲ್ಲಿ 2012 ಮತ್ತು 2013ರ ಭೂಕಂಪಗಳಿಗೆ ಕೆಲವು ತಿಂಗಳ ಮೊದಲೇ ಬದಲಾವಣೆ ಕಂಡುಬಂದಿದೆ. ಆದರೆ ಎಲ್ಲ ಬಾವಿಗಳಲ್ಲಿಯೂ, ಎಲ್ಲ ಭೂಕಂಪಗಳ ಮೊದಲೂ ಹೀಗಾಗುವುದಿಲ್ಲ. ಆದ್ದರಿಂದ ಇದನ್ನು ಮುನ್ಸೂಚನೆಯೆಂದು ಪರಿಗಣಿಸಲು ಬರುವುದಿಲ್ಲ.

3. ಹಲಗೇರಿ ಭಾಗದಲ್ಲಿ ಗಮನಿಸಬೇಕಾದ ಕಾರಣಗಳು
ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ ಸುತ್ತಮುತ್ತ ಗಟ್ಟಿ ಶಿಲೆಯ ಬಿರುಕುಗಳಲ್ಲಿಯೇ ನೀರು ಸಂಗ್ರಹವಾಗಿರುತ್ತದೆ. ಅಂತರ್ಜಲ ಮಟ್ಟ ಕುಸಿಯುವುದು, ಮಳೆಯ ನೀರು ಇಂಗುವುದು, ಹತ್ತಿರದಲ್ಲಿ ಹೊಸ ಕೊಳವೆಬಾವಿ ಕೊರೆಯುವುದು ಹಾಗೂ ಮೆಕ್ಕೆಜೋಳ, ಹತ್ತಿ ಹೊಲಗಳಿಗೆ ಹಾಕಿದ ಗೊಬ್ಬರದ ಅಂಶ ಇಳಿಯುವುದು ಇವುಗಳಿಂದಲೂ ನೀರಿನ ಗುಣ ಬದಲಾಗುತ್ತದೆ. ಮೊದಲು ಈ ಕಾರಣಗಳನ್ನು ಪರಿಶೀಲಿಸುವುದು ಸೂಕ್ತ.

4. ಸಾರ್ವಜನಿಕರು ಅನುಸರಿಸಬೇಕಾದ ಕ್ರಮ
(ಅ) ಪಂಪನ್ನು ಕೆಲವು ನಿಮಿಷ ಚಾಲನೆ ಮಾಡಿದ ನಂತರ, ಶುದ್ಧವಾದ ಬಾಟಲಿಯನ್ನು ಅದೇ ನೀರಿನಿಂದ ತೊಳೆದು ಮಾದರಿ ಸಂಗ್ರಹಿಸತಕ್ಕದ್ದು.
(ಆ) ಬಾಟಲಿಯ ಮೇಲೆ ಗ್ರಾಮ, ಸರ್ವೆ ನಂಬರು, ಬಾವಿಯ ಆಳ ಹಾಗೂ ದಿನಾಂಕ ನಮೂದಿಸತಕ್ಕದ್ದು.
(ಇ) ಪರೀಕ್ಷೆಗಾಗಿ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸಬಹುದು.
(ಈ) ಮುಂಗಾರಿಗೆ ಮುನ್ನ ಮತ್ತು ಮಳೆಗಾಲದ ನಂತರ ಪರೀಕ್ಷೆ ಮಾಡಿಸಿ, ವರದಿಗಳನ್ನು ದಿನಾಂಕವಾರು ಕಾಯ್ದಿರಿಸಿಕೊಳ್ಳುವುದು. ಹಿಂದಿನ ವರದಿ ಇಲ್ಲದಿದ್ದಲ್ಲಿ ಬದಲಾವಣೆ ಆಗಿದೆಯೇ ಎಂಬುದನ್ನು ಯಾರೂ ಹೇಳಲಾರರು.

5. ಕುಡಿಯುವ ನೀರಿನ ಮಿತಿ
ಭಾರತೀಯ ಮಾನಕದಂತೆ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ (ಪರ್ಯಾಯ ಮೂಲವಿಲ್ಲದಿದ್ದಲ್ಲಿ ಗರಿಷ್ಠ 1.5) ಹಾಗೂ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮಿತಿ ಮೀರಿದ ನೀರನ್ನು ಕುದಿಸಿದರೂ ಈ ಅಂಶಗಳು ಹೋಗುವುದಿಲ್ಲವಾದ್ದರಿಂದ, ಅದನ್ನು ಕುಡಿಯಲು, ವಿಶೇಷವಾಗಿ ಮಕ್ಕಳಿಗೆ ಕೊಡಲು ಬಳಸಬಾರದು.

ನೀರಿನ ಬದಲಾವಣೆಯನ್ನು ಭೂಕಂಪದ ಸೂಚನೆಯೆಂದು ವದಂತಿ ಹಬ್ಬಿಸದೆ, ಮೊದಲು ಪರೀಕ್ಷೆ ಮಾಡಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.